ಉಮೇದುವಾರಿಕೆ ಒಂದು ಅಮಾನತ್ತು

ವಿಧಾನಸಭಾ ಚುನಾವಣೆ ಸಮೀಪಿಸಿದಾಗಲೆಲ್ಲ ಬೆಂಗಳೂರಿನ ರಸೆಲ್ ಮಾರುಕಟ್ಟೆಯ ಆಸುಪಾಸಿನಲ್ಲಿ ಕೇಳಿಬರುವ ಮೊದಲ ಪ್ರಶ್ನೆ, 'ಈ ಸಲ ಶಿವಾಜಿನಗರದ ಟಿಕೆಟ್ ಯಾರಿಗೆ?' ಎಂಬುದು. ಟಿಕೆಟ್ ಪಡೆದವರು ಗೆದ್ದ ಮೇಲೆ ಏನು ಮಾಡಬೇಕು ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಸಮುದಾಯದ ರಾಜಕೀಯ ದೌರ್ಬಲ್ಯದ ಮೂಲವನ್ನು ನಾವು ಈ ಮೌನದಲ್ಲಿಯೇ ಹುಡುಕಬೇಕಾಗಿದೆ.

ಪ್ರಾತಿನಿಧ್ಯದ ಕೊರತೆಯನ್ನು ನಾವು ಅಲ್ಲಗಳೆಯುವುದಿಲ್ಲ. 224 ಸ್ಥಾನಗಳ ವಿಧಾನಸಭೆಗೆ 1978ರಲ್ಲಿ 16 ಮಂದಿ ಮುಸ್ಲಿಮರು ಆಯ್ಕೆಯಾಗಿದ್ದರು. 2018ರಲ್ಲಿ ಅದು 7ಕ್ಕೆ ಇಳಿಯಿತು, 2023ರಲ್ಲಿ 9 ಆಯಿತು. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಶೇ. 13ರಷ್ಟಿರುವ ಸಮುದಾಯಕ್ಕೆ ಇದು ಏನೇನೂ ಸಾಲದು. ಆದರೆ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಸಮಸ್ಯೆ ನೀಗುವುದೇ?

ಕಾನೂನಿನ ದೃಷ್ಟಿಯಲ್ಲಿ ಉಮೇದುವಾರಿಕೆ ಕಷ್ಟದ ಸಂಗತಿಯಲ್ಲ. 25 ವರ್ಷ ತುಂಬಿದ ಮತದಾರರು 10,000 ರೂಪಾಯಿ ಠೇವಣಿಯಿಟ್ಟು ನಾಮಪತ್ರ ಸಲ್ಲಿಸಬಹುದು. ಆದರೆ 2022ರಲ್ಲಿ ಅಭ್ಯರ್ಥಿಯ ವೆಚ್ಚದ ಮಿತಿಯನ್ನೇ 40 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಹಣವಿದ್ದವರು ಧೈರ್ಯವಾಗಿ ಮುಂದೆ ಬರುತ್ತಾರೆ. ಪ್ರಾಮಾಣಿಕ ಶಿಕ್ಷಕ, ವಕೀಲ, ಸಾಮಾಜಿಕ ಕಾರ್ಯಕರ್ತೆ ಹಿಂಜರಿಯುತ್ತಾರೆ. ಅವರ ಬೆನ್ನಿಗೆ ನಾವೂ ನಿಲ್ಲುವುದಿಲ್ಲ.

ಹುದ್ದೆಗಾಗಿ ಹಾತೊರೆಯುವವರಿಗೆ ಅಧಿಕಾರ ಕೊಡಬಾರದೆಂದು ಪ್ರವಾದಿ(ಸ)ಯವರು ಕಲಿಸಿದ್ದಾರಲ್ಲ, ಹಾಗಿರುವಾಗ ಮುಸ್ಲಿಮನು ತಾನಾಗಿ ನಾಮಪತ್ರ ಸಲ್ಲಿಸುವುದು ಸರಿಯೇ ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದೇ. ಆದರೆ ಈಜಿಪ್ಟಿನ ದಾಸ್ತಾನುಗಳ ಹೊಣೆಯನ್ನು ತನಗೊಪ್ಪಿಸುವಂತೆ ಪ್ರವಾದಿ ಯೂಸುಫ್(ಅ)ರು ಸ್ವತಃ ಅರಸನನ್ನು ಕೇಳಿದ್ದರೆಂಬುದನ್ನೂ ಕುರ್‌ಆನ್ ತಿಳಿಸುತ್ತದೆ. ಅವರು ಮುಂದಿಟ್ಟ ಅರ್ಹತೆಗಳು ಎರಡು: ಕಾಯುವ ಪ್ರಾಮಾಣಿಕತೆ ಮತ್ತು ವಿಷಯದ ಅರಿವು. ಕುಲ, ಸಂಪತ್ತು, ಪ್ರಭಾವಗಳ ಮಾತನ್ನು ಅವರು ಎತ್ತಲಿಲ್ಲ. ಬರಗಾಲ ಎದುರಿಗಿತ್ತು, ಜನರ ಅನ್ನ ಉಳಿಯಬೇಕಿತ್ತು. ಅಭ್ಯರ್ಥಿಯನ್ನು ತೂಗಲು ಇದಕ್ಕಿಂತ ಮಿಗಿಲಾದ ತಕ್ಕಡಿ ಬೇಕೇ?

ಆ ತಕ್ಕಡಿಯನ್ನು ಕೈಬಿಟ್ಟರೆ ಏನಾಗುತ್ತದೆಂಬುದನ್ನು 2019 ನಮಗೆ ಕಲಿಸಿತು. ಆ ವರ್ಷದ ಜೂನಿನಲ್ಲಿ ಶಿವಾಜಿನಗರದ ಐಎಂಎ ಸಂಸ್ಥೆ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಮಣ್ಣುಪಾಲಾಯಿತು. 'ಹಲಾಲ್' ಎಂಬ ಒಂದು ಪದವನ್ನು ನಂಬಿ ನಾವು ಲೆಕ್ಕ ಕೇಳಿರಲಿಲ್ಲ. ಹೆಸರು ನಮ್ಮದೆಂಬ ಕಾರಣಕ್ಕೆ ಲೆಕ್ಕ ಕೇಳದೆ ಮತ ಹಾಕುವುದೂ ಅಂಥದೇ ಹೂಡಿಕೆ. ಅದೇ ವರ್ಷ ಕ್ಷೇತ್ರದ ಶಾಸಕ ಆರ್. ರೋಷನ್ ಬೇಗ್ ರಾಜೀನಾಮೆಯಿತ್ತು, ಬಳಿಕ ಅನರ್ಹಗೊಂಡರು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ರಿಜ್ವಾನ್ ಅರ್ಷದ್ ಆರಿಸಿಬಂದರು. ಆದರೆ ಅಂದು ಅರ್ಧಕ್ಕಿಂತ ಹೆಚ್ಚು ಮತದಾರರು ಮತಗಟ್ಟೆಗೇ ಬರಲಿಲ್ಲ. ಪ್ರಾತಿನಿಧ್ಯವಿಲ್ಲವೆಂದು ವರ್ಷವಿಡೀ ದೂರುವವರು ಮತದಾನದ ದಿನ ಮನೆಯಲ್ಲಿ ಕುಳಿತರೆ ತಪ್ಪು ಯಾರದು?

ಇನ್ನೊಂದು ಮಾತು. ಮುಸ್ಲಿಂ ಅಭ್ಯರ್ಥಿ ಮುಸ್ಲಿಮರ ಅಭ್ಯರ್ಥಿ ಮಾತ್ರ ಆಗಬಾರದು. ರಸೆಲ್ ಮಾರುಕಟ್ಟೆಯಲ್ಲಿ ಕನ್ನಡ, ಉರ್ದು, ತಮಿಳುಗಳೆಲ್ಲ ಒಟ್ಟಿಗೆ ಕಿವಿಗೆ ಬೀಳುತ್ತವೆ; ಸನಿಹದಲ್ಲೇ ಸಂತ ಮೇರಿ ಬೆಸಿಲಿಕಾ ಇದೆ. 2012ರ ಫೆಬ್ರವರಿಯಲ್ಲಿ ಇಲ್ಲಿ ನೂರಕ್ಕೂ ಹೆಚ್ಚು ಅಂಗಡಿಗಳನ್ನು ಸುಟ್ಟ ಬೆಂಕಿ ಯಾರ ಧರ್ಮವನ್ನೂ ಕೇಳಲಿಲ್ಲ. ಚರಂಡಿ, ನೀರು, ಶಾಲೆ, ಆಸ್ಪತ್ರೆಗಳ ಪ್ರಶ್ನೆಗಳೂ ಹಾಗೆಯೇ. ಅವುಗಳಿಗಾಗಿ ಸದನದಲ್ಲಿ ದನಿಯೆತ್ತುವ ಶಾಸಕನನ್ನು ಎಲ್ಲರೂ ತಮ್ಮವನೆನ್ನುತ್ತಾರೆ. ಸಮುದಾಯದ ಗೌರವವೂ ಅದರಿಂದಲೇ ಹೆಚ್ಚುತ್ತದೆ.

ಆದುದರಿಂದ ಅಭ್ಯರ್ಥಿಗಳು ಬಾಗಿಲಿಗೆ ಬಂದಾಗ ಹಾರ ಹಾಕುವ ಮುನ್ನ ಅವರ ಪ್ರಮಾಣಪತ್ರವನ್ನು ಓದೋಣ. ಆಸ್ತಿ, ಸಾಲ, ವಿದ್ಯೆ, ಮೊಕದ್ದಮೆಗಳ ವಿವರ ಅದರಲ್ಲಿರುತ್ತದೆ. ಮನೆಯ ಹೆಣ್ಣುಮಕ್ಕಳೂ ಅದನ್ನು ಓದಲಿ, ಪ್ರಶ್ನೆ ಕೇಳಲಿ. ಅರ್ಹರಿದ್ದರೆ ಅಭ್ಯರ್ಥಿಯೂ ಆಗಲಿ. ಕಲಬುರಗಿ ಉತ್ತರದಿಂದ ಕನೀಜ್ ಫಾತಿಮಾ 2018 ಮತ್ತು 2023ರಲ್ಲಿ ಗೆದ್ದುದು ನಮ್ಮ ಕಣ್ಣೆದುರಿಗಿದೆ. ಅಧಿಕಾರ ಅಮಾನತ್ತಾದರೆ ಮತವೂ ಅಮಾನತ್ತೇ. ಪಡೆದವರಂತೆಯೇ ಕೊಟ್ಟವರೂ ಒಂದು ದಿನ ಅದರ ಲೆಕ್ಕ ಒಪ್ಪಿಸಬೇಕಾಗಿದೆ.