ಉಳಿದ ಉಲ್ಲನ್, ಪುಟ್ಟ ಕುಲಾವಿ

ಟ್ರಂಕಿನ ತಳದಲ್ಲಿ ಉಲ್ಲನ್ ಉಂಡೆಗಳಿಲ್ಲದ ಮನೆ ಯಾವುದಿದೆ ಹೇಳಿ, ಸೋದರಿಯರೇ? ಮಗನ ಸ್ವೆಟರಿಗೆ ತಂದ ನೀಲಿ ಅರ್ಧ ಉಂಡೆ, ಬಾಗಿಲ ತೋರಣಕ್ಕೆ ತಂದ ಕೆಂಪು ಒಂದಿಷ್ಟು, ಯಾರದೋ ಕೂಸಿಗೆಂದು ಶುರು ಮಾಡಿ ಅರ್ಧಕ್ಕೇ ಬಿಟ್ಟ ಹಳದಿ ಕಾಲುಚೀಲ. ಎಸೆಯಲು ಮನಸ್ಸಿಲ್ಲ, ಬಳಸಲು ಸಾಲದು.

ಹುಕ್ಕೇರಿಯ ನಮ್ಮ ಓಣಿಯಲ್ಲಿ ನಾವು ಆರು ಮಂದಿ ಇವನ್ನೆಲ್ಲ ಒಂದು ಬುಟ್ಟಿಗೆ ಸುರಿದಿದ್ದೇವೆ. ಗುರುವಾರ ಮಧ್ಯಾಹ್ನ ಊಟ, ಪಾತ್ರೆ ಮುಗಿದ ಮೇಲೆ ನಮ್ಮ ಪಡಸಾಲೆಯಲ್ಲಿ ಕೂಡುತ್ತೇವೆ. ಕೆಲವರ ಕೈಯಲ್ಲಿ ಕಡ್ಡಿ, ಕೆಲವರ ಕೈಯಲ್ಲಿ ಕ್ರೋಶಾ ಸೂಜಿ. ಹೆಣೆದದ್ದು ಮನೆಗಲ್ಲ, ಹೆರಿಗೆ ವಾರ್ಡಿನ ಕೂಸುಗಳಿಗೆ. ಇದೇನು ಹೊಸ ಸಂಗತಿಯಲ್ಲ. ಹಳೆಯ ಸೀರೆ, ಧೋತರ ಪದರು ಪದರಾಗಿ ಹಾಸಿ ಕೌದಿ ಹೊಲಿಯುವ ಸೀಮೆ ನಮ್ಮದು. ಚಿಂದಿಯನ್ನೂ ಚೆಲ್ಲದ ಕೈಗಳಿಗೆ ಉಲ್ಲನ್ ಚೂರು ಯಾವ ಲೆಕ್ಕ!

ಆದರೆ ಮೊದಲ ಸಲವೇ ನಾವು ಎಡವಿದೆವು. ನಾಚಿಕೆಯಾದರೂ ಹೇಳುತ್ತೇನೆ. ಇಪ್ಪತ್ತೆರಡು ಕುಲಾವಿ ಹೆಣೆದು, ತುದಿಗೆ ಗೊಂಡೆ ಕಟ್ಟಿ, ಕೆಳಗೆ ಲಾಡಿ ಹಾಕಿ, ಮಣಿ ಪೋಣಿಸಿ ಆಸ್ಪತ್ರೆಗೆ ಒಯ್ದೆವು. ಅಲ್ಲಿಯ ಸಿಸ್ಟರ್ ಒಂದೊಂದೇ ಎತ್ತಿ ನೋಡಿ ಐದನ್ನು ಮಾತ್ರ ಇಟ್ಟುಕೊಂಡರು.

"ಛಲೋ ಹೆಣದೀರಿ ಅಕ್ಕಾರ. ಆದರ ಈ ಮಣಿ ಕಿತ್ತು ಕೂಸಿನ ಬಾಯಾಗ ಹೋದ್ರ? ಲಾಡಿ ಕುತ್ತಿಗಿಗೆ ಸುತ್ತಿಕೊಂಡ್ರ? ಇಷ್ಟು ದೊಡ್ಡದು ಜಾರಿ ಮೂಗಿನ ಮ್ಯಾಲೆ ಬಂದ್ರ ಉಸಿರು ಹೆಂಗ ಆಡಬೇಕ್ರಿ?"

ನನಗೆ ಸಿಟ್ಟು ಬಂತು. ಪುಕ್ಕಟೆ ಕೊಟ್ಟರೂ ಇಷ್ಟು ಕೊಂಕೇ ಎಂದುಕೊಂಡು ಮುಖ ಊದಿಸಿಕೊಂಡೇ ಮನೆಗೆ ಬಂದೆ. ರಾತ್ರಿ ಮಲಗಿದಾಗ 2019ರ ಆಗಸ್ಟ್ ನೆನಪಾಯಿತು. ಘಟಪ್ರಭೆ, ಹಿರಣ್ಯಕೇಶಿ ಎರಡೂ ಉಕ್ಕಿ ಗೋಕಾಕ, ಸಂಕೇಶ್ವರದ ಕಡೆ ಮನೆಗಳಿಗೆ ನೀರು ನುಗ್ಗಿದ ದಿನಗಳು. ಹಂಚಲು ಬಂದ ಒಂದು ಬಟ್ಟೆಯ ಗಂಟು ಬಿಚ್ಚುವಾಗ ನಾನಿದ್ದೆ. ಹರಿದ ಸೀರೆ, ಗುಂಡಿಯಿಲ್ಲದ ಅಂಗಿ, ಕಲೆಯಾದ ಪರಕಾರ. ಮನೆ ಕಳೆದುಕೊಂಡ ತಾಯಿಯೊಬ್ಬಳು ಸೀರೆಯೊಂದನ್ನು ಬಿಡಿಸಿ ನೋಡಿ, "ಇದನ್ನ ಉಟ್ಕೊಂಡು ಮಂದ್ಯಾಗ ಹೆಂಗ ಬರ್ಲಿ ಯವ್ವಾ?" ಎಂದಳು. ಅಂದು ಆ ಗಂಟು ಕಳಿಸಿದವರನ್ನು ನಾನು ಮನಸಾರೆ ಬೈದಿದ್ದೆ. ಈಗ ನಾನು ಮಾಡಿದ್ದೇನು? ಕೂಸಿಗೆ ಏನು ಬೇಕೆಂದು ಕೇಳದೆ, ನನಗೆ ಚಂದ ಕಂಡದ್ದನ್ನು ಹೊತ್ತೊಯ್ದಿದ್ದೆ.

ಮರುದಿನವೇ ಹೋಗಿ ಸಿಸ್ಟರನ್ನು ಕೇಳಿ ತಿಳಿದುಕೊಂಡೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿನ ಮೈಯಲ್ಲಿ ಕೊಬ್ಬು ಕಡಿಮೆ, ಬೇಗ ತಣ್ಣಗಾಗುತ್ತದೆ. ಮೈಗೆ ಹೋಲಿಸಿದರೆ ತಲೆ ದೊಡ್ಡದು, ಅಲ್ಲಿಂದ ಶಾಖ ಹೆಚ್ಚು ಹೋಗುತ್ತದೆ. ಅಂಥ ಕೂಸನ್ನು ತಾಯಿಯ ಎದೆಗೆ, ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ತಲೆಗೆ ಟೊಪ್ಪಿಗೆ ಹಾಕುತ್ತಾರೆ. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. 1978ರ ಸುಮಾರಿಗೆ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯರು ಆರಂಭಿಸಿದ ಪದ್ಧತಿಯಿದು. ಕೂಸು ಬೆಚ್ಚಗಿಡುವ ಪೆಟ್ಟಿಗೆಗಳು ಅವರಲ್ಲಿ ಸಾಲುತ್ತಿರಲಿಲ್ಲವಂತೆ.

ಕುಲಾವಿ ಹೆಣೆಯುವ ವಿಧಾನ

ಬೇಕಾಗುವ ಸಾಮಾನು: 8 ಎಳೆಯ ಮೆತ್ತನೆಯ ಉಲ್ಲನ್ ಸುಮಾರು 20 ಗ್ರಾಂ, 8 ನಂಬರಿನ ಎರಡು ಕಡ್ಡಿ, ದಪ್ಪ ಕಣ್ಣಿನ ಸೂಜಿ. ಉಲ್ಲನ್ ತೆಳುವಿದ್ದರೆ ಎರಡೆಳೆ ಜೋಡಿಸಿಕೊಳ್ಳಿ.

ಕಡ್ಡಿಗೆ 64 ಹೊಲಿಗೆ ಹಾಕಿಕೊಳ್ಳಿ. 2 ಸುಲ್ಟಾ, 2 ಉಲ್ಟಾ ಎಂದು 3 ಸೆಂ.ಮೀ. ಅಂಚು ಹೆಣೆಯಿರಿ. ಆಮೇಲೆ ಒಂದು ಸಾಲು ಸುಲ್ಟಾ, ಒಂದು ಸಾಲು ಉಲ್ಟಾ. ಅಂಚು ಸೇರಿ 10 ಸೆಂ.ಮೀ. ಆದಾಗ ಸುಲ್ಟಾ ಸಾಲಿನಲ್ಲಿ ಇಳಿಸಲು ಶುರು ಮಾಡಿ: 6 ಹೊಲಿಗೆ ಹೆಣೆದು, ಮುಂದಿನ 2 ಕೂಡಿಸಿ ಒಂದು ಮಾಡಿ, ಸಾಲಿನ ಕೊನೆವರೆಗೂ ಹೀಗೆಯೇ. 56 ಉಳಿಯುತ್ತವೆ. ಒಂದು ಸಾಲು ಉಲ್ಟಾ. ಮುಂದಿನ ಸುಲ್ಟಾ ಸಾಲಿನಲ್ಲಿ 5 ಹೆಣೆದು 2 ಕೂಡಿಸಿ, ಅದರ ಮುಂದಿನದರಲ್ಲಿ 4 ಹೆಣೆದು 2 ಕೂಡಿಸಿ. ಹೀಗೆ 8 ಹೊಲಿಗೆ ಉಳಿದಾಗ ಉಲ್ಲನ್ ಕತ್ತರಿಸಿ, ಸೂಜಿಯಿಂದ ಎಂಟರಲ್ಲೂ ಪೋಣಿಸಿ ಬಿಗಿಯಾಗಿ ಎಳೆಯಿರಿ. ಮಗ್ಗಲು ಹೊಲಿದು, ತುದಿಗಳನ್ನು ಒಳಗೇ ಮುಚ್ಚಿ. ಗೊಂಡೆ, ಲಾಡಿ, ಮಣಿ, ಗುಂಡಿ ಯಾವುದೂ ಬೇಡ. ಬಣ್ಣ ಬಿಡುತ್ತದೆಯೋ ನೋಡಿ, ಒಗೆದು ಒಣಗಿಸಿಯೇ ಕೊಡಿ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದೆಲ್ಲ ಕುರಿಯ ಉಣ್ಣೆಯಲ್ಲ, ಬಹುಪಾಲು ಆಕ್ರಿಲಿಕ್. ಗೊತ್ತಾಗಬೇಕಾದರೆ ಬೆರಳುದ್ದ ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಆಕ್ರಿಲಿಕ್ ಕರಗಿ ಗಟ್ಟಿ ಗಂಟಾಗುತ್ತದೆ. ಒಗೆಯಲು ಆಕ್ರಿಲಿಕ್ ಸುಲಭ, ಮೆತ್ತಗೂ ಇರುತ್ತದೆ. ಆದರೆ ನಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಶೇಗಡಿ ಇಡುವ ರೂಢಿ ಇನ್ನೂ ಇದೆ. ಕರಗಿದ ಆಕ್ರಿಲಿಕ್ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕುಲಾವಿ ಕೊಡುವಾಗ ಕೆಂಡದಿಂದ ದೂರವಿಡಿ ಎಂಬ ಮಾತನ್ನೂ ಕೊಡಿ.

ಕುಲಾವಿಗೂ ಸಾಲದ ಚೂರುಗಳಿದ್ದರೆ 15 ಸೆಂ.ಮೀ. ಚೌಕ ಹೆಣೆದಿಡಿ. ಅಡ್ಡ 6, ಉದ್ದ 8, ಒಟ್ಟು 48 ಚೌಕ ಜೋಡಿಸಿದರೆ ಮುದುಕರ ಮೊಳಕಾಲು ಮುಚ್ಚುವ ಹೊದಿಕೆ ಸಿದ್ಧ. 2016ರ ಜನವರಿಯಲ್ಲಿ ಚೆನ್ನೈಯಲ್ಲಿ ಹೆಣ್ಣುಮಕ್ಕಳು ಹೀಗೆಯೇ ಚೌಕಗಳನ್ನು ಕೂಡಿಸಿ, 11,000 ಚದರ ಮೀಟರಿಗೂ ಮಿಕ್ಕಿದ ಕ್ರೋಶಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದರು. ನಮ್ಮದು 48ರ ಲೆಕ್ಕ, ಆಗಲಿ ಬಿಡಿ.

ಆ ಹದಿನೇಳು ಕುಲಾವಿಗಳನ್ನು ಬಿಚ್ಚಿ ಮತ್ತೆ ಉಂಡೆ ಸುತ್ತಿದೆವು. ಈಗ ನಮ್ಮ ಗುಂಪಿನ ಹಿರಿಯರಾದ ಆಯಿಯ ಮಾತೇ ನಮ್ಮ ಕಾಯಿದೆ. ಮುಗಿದ ಕುಲಾವಿಯನ್ನು ಕೆನ್ನೆಗೆ ಒತ್ತಿ ನೋಡಿ ಅವರು ಕೇಳುತ್ತಾರೆ: "ನಿನ್ನ ಮೊಮ್ಮಗಗ ಹಾಕ್ತೀಯೇನ? ಹಾಕ್ತೀ ಅಂದ್ರ ಬುಟ್ಟಿಗಿ ಹಾಕು. ಇಲ್ಲಾ ಅಂದ್ರ ಬಿಚ್ಚು."

ನಿಮ್ಮ ಟ್ರಂಕನ್ನೂ ಒಮ್ಮೆ ತೆರೆದು ನೋಡಿ. ಕಡ್ಡಿ ಹಿಡಿಯುವ ಮೊದಲು ನಿಮ್ಮೂರ ಆಸ್ಪತ್ರೆಗೆ ಹೋಗಿ, ಏನು ಬೇಕೆಂದು ಕೇಳಿ ಬನ್ನಿ. ನಾವು ಕೇಳಿದ್ದು ತಡವಾಗಿ.