ಹೊರಗೆ ಕನ್ನಡದ ಬೋರ್ಡು, ಒಳಗೆ ಇಂಗ್ಲಿಷಿಗೆ ಹೆಬ್ಬೆಟ್ಟು!

ಗೆಳೆಯರೇ, ಬೋರ್ಡಿನ ಯುದ್ಧದಲ್ಲಿ ನಾವು ಗೆದ್ದಿದ್ದೇವೆ. ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನೇ ಆಯಿತು. ಬೀದಿಗಿಳಿದು, ಜೈಲಿಗೆ ಹೋಗಿ ದಕ್ಕಿಸಿಕೊಂಡದ್ದು ಅದು. ಸಂತೋಷ. ಈಗ ಅದೇ ಬೋರ್ಡಿನ ಕೆಳಗಿರುವ ಗಾಜಿನ ಬಾಗಿಲು ತಳ್ಳಿಕೊಂಡು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಒಳಗೆ ಹೋಗಿ ನೋಡಿ. ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಕಾಗದ ಇಂಗ್ಲಿಷಿನಲ್ಲಿ. ಬಿಲ್ಲು ಇಂಗ್ಲಿಷಿನಲ್ಲಿ. ಮನೆಗೆ ಕಳಿಸುವಾಗ ಕೈಗಿಡುವ ಡಿಸ್ಚಾರ್ಜ್ ಚೀಟಿಯೂ ಇಂಗ್ಲಿಷಿನಲ್ಲಿ. ಮಳವಳ್ಳಿಯಿಂದ ಹೊಲ ಅಡವಿಟ್ಟು ಬಂದ ರೈತ, ತನ್ನ ಹೊಟ್ಟೆ ಕೊಯ್ಯಲು ತಾನೇ ಒಪ್ಪಿಗೆ ಕೊಡುವ ಕಾಗದದಲ್ಲಿ ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿದ ಅವನ ಮಗ ಪಕ್ಕದಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಾನೆ.

ಯಾವ ಚಿಕಿತ್ಸೆ, ಅದರ ಅಪಾಯವೇನು, ಬೇರೆ ದಾರಿ ಇದೆಯೇ ಎಂದು ರೋಗಿಗೆ ತಿಳಿಸಿದ ಮೇಲೆ ಪಡೆದದ್ದಷ್ಟೇ ಒಪ್ಪಿಗೆ ಎಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ಸನ್ನದಿನಲ್ಲಿ ರೋಗಿಗಳಿಗೆ 17 ಹಕ್ಕುಗಳಿವೆ. ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕೆಂಬುದೂ ಅದರಲ್ಲಿದೆ. ಹಾಗಾದರೆ ಓದಲು ಬಾರದ ಭಾಷೆಯ ಕಾಗದದ ಮೇಲೆ ಒತ್ತಿಸಿಕೊಂಡ ಆ ಹೆಬ್ಬೆಟ್ಟು ಏನು? ಒಪ್ಪಿಗೆಯೋ, ಮುಂದೆಂದಾದರೂ ಆಸ್ಪತ್ರೆಯ ವಕೀಲನಿಗೆ ಬೇಕಾಗುವ ಸಾಕ್ಷಿಯೋ?

ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾಗಿ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದರು. ಔಷಧಿ ಅಂಗಡಿಯವನು ತಪ್ಪಾಗಿ ಓದಿಕೊಂಡರೆ ಗತಿಯೇನು ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಾತಿಗೆ ಬೆಲೆ ಕೊಡೋಣ, ಮಾತ್ರೆಯ ಹೆಸರು ಇಂಗ್ಲಿಷಿನಲ್ಲೇ ಇರಲಿ. ಆದರೆ ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನ, ತಲೆ ಸುತ್ತಿದರೆ ಏನು ಮಾಡಬೇಕು, ಇಷ್ಟನ್ನು ಕನ್ನಡದಲ್ಲಿ ಬರೆದರೆ ಯಾವ ವೈದ್ಯಶಾಸ್ತ್ರ ಮುಳುಗಿಹೋಗುತ್ತದೆ? ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳು ಒಂದರ ಜಾಗದಲ್ಲಿ ಎರಡು ಮಾತ್ರೆ ನುಂಗಿದರೆ ಹೋಗುವುದು ಅವಳ ಜೀವ.

ಮನವಿಪತ್ರ ಬರೆದು, ಒಂದು ದಿನ ಧರಣಿ ಕೂತು ಮುಗಿಸುವ ಕೆಲಸವಲ್ಲ ಇದು. ರೋಗಿಯ ಪರ ನಿಲ್ಲುವುದನ್ನೇ ಕಸುಬು ಮಾಡಿಕೊಂಡವರು ಬೇಕು. ಅಂಥ ಬದುಕು ಹೇಗಿರುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಇವತ್ತು ಐಟಿ ಕಂಪನಿಗಳ ನೆರಳಿನಲ್ಲಿರುವ ನಮ್ಮ ಯಮಲೂರಿನಲ್ಲಿ 1950ರಲ್ಲಿ ಹುಟ್ಟಿದ ಎಚ್. ಸುದರ್ಶನ್, ಬೆಂಗಳೂರು ವೈದ್ಯಕೀಯ ಕಾಲೇಜಿನಿಂದ 1973ರಲ್ಲಿ ಡಾಕ್ಟರಾಗಿ ಹೊರಬಂದರು. ಓದಿದ ಡಾಕ್ಟರುಗಳು ಇಂಗ್ಲೆಂಡು, ಅಮೆರಿಕದ ವಿಮಾನ ಹತ್ತುತ್ತಿದ್ದ ಕಾಲ. ಈ ಮನುಷ್ಯ ಹತ್ತಿದ್ದು ಬಿಳಿಗಿರಿರಂಗನ ಬೆಟ್ಟ.

ಅಲ್ಲಿ ಸೋಲಿಗರ ಪೋಡುಗಳಿಗೆ ಡಾಕ್ಟರೆಂಬುವವನು ಕಾಲಿಟ್ಟದ್ದೇ ಅಪರೂಪ. ಹಾವು ಕಚ್ಚಿದವರು, ಕರಡಿ ಪರಚಿದವರು, ಹೆರಿಗೆಯ ನೋವಿನವರು ಕಾಡಿನಲ್ಲೇ ಉಳಿಯಬೇಕು, ಇಲ್ಲವೇ ಅಲ್ಲೇ ಸಾಯಬೇಕು. ಸುದರ್ಶನ್ ಪೋಡಿನಿಂದ ಪೋಡಿಗೆ ನಡೆದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಯಳಂದೂರಿನಲ್ಲಿ ಕುಷ್ಠರೋಗ ಕಾಡುತ್ತಿತ್ತು, 1986ರಲ್ಲಿ ಅದಕ್ಕೆಂದೇ ಕರುಣಾ ಟ್ರಸ್ಟ್ ಹುಟ್ಟಿತು. 1994ರಲ್ಲಿ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, 2000ದಲ್ಲಿ ಪದ್ಮಶ್ರೀ. ಪ್ರಶಸ್ತಿಯ ಮಾತು ಸಾಕು ಬಿಡಿ.

ನಾವು ನೋಡಬೇಕಾದ್ದು ಬೇರೆ ಇದೆ, ಅದು ಸ್ವಲ್ಪ ಚುಚ್ಚುತ್ತದೆ ಕೂಡ. ಸೋಲಿಗರ ನುಡಿ ಕನ್ನಡಕ್ಕೆ ಹತ್ತಿರದ್ದು, ಆದರೆ ಪೇಟೆಯ ಕನ್ನಡವಲ್ಲ. ತಾಲ್ಲೂಕು ಆಸ್ಪತ್ರೆಯ ಗುಮಾಸ್ತ ಕಚೇರಿ ಕನ್ನಡದಲ್ಲಿ ಗದರಿದರೆ ಸೋಲಿಗ ಹೆಂಗಸಿಗೆ ಅದೂ ಒಂದು ಇಂಗ್ಲಿಷೇ. ಬೆಟ್ಟದಲ್ಲಿ ಸೋಲಿಗ ಹೆಣ್ಣುಮಕ್ಕಳಿಗೇ ದಾದಿಯ ತರಬೇತಿ ಕೊಟ್ಟರು. ಕಾಯಿಲೆಯವಳ ಮಾತು ಕೇಳಲು ಅವಳ ಮಾತಿನವಳೇ ಬಂದು ಕೂತಳು. ನಾವು ಆಸ್ಪತ್ರೆಯಲ್ಲಿ ಕನ್ನಡ ಕೇಳುವಾಗ ಇದೇ ನ್ಯಾಯ ನಮ್ಮ ತುಳು ಅಜ್ಜಿಗೂ, ಕೊಡವರ ಹಿರಿಯನಿಗೂ, ಕಲಬುರಗಿಯ ಉರ್ದು ತಾಯಿಗೂ ಸಲ್ಲಬೇಕು. ಇದನ್ನು ಒಪ್ಪದವನು ಕನ್ನಡದ ಹೆಸರಿನಲ್ಲಿ ಬರೀ ಗಂಟಲು ಹರಿದುಕೊಳ್ಳುತ್ತಿದ್ದಾನೆ, ಅಷ್ಟೆ.

ಸುದರ್ಶನ್ ಬೆಟ್ಟದಲ್ಲೇ ಕೂತಿದ್ದರೆ ಸರ್ಕಾರಕ್ಕೆ ನೆಮ್ಮದಿಯಾಗಿರುತ್ತಿತ್ತು. ಕೂರಲಿಲ್ಲ. 1996ರಲ್ಲಿ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಟ್ರಸ್ಟ್ ವಹಿಸಿಕೊಂಡಿತು. (ಸರ್ಕಾರದ ಹೊರೆಯನ್ನು ಟ್ರಸ್ಟುಗಳು ಹೊರುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಒಳ್ಳೆಯವರು ಹೊತ್ತ ದಾರಿಯಲ್ಲೇ ನಾಳೆ ವ್ಯಾಪಾರಿಗಳೂ ಬರುತ್ತಾರೆ.) 1999ರಲ್ಲಿ ರಾಜ್ಯದ ಆರೋಗ್ಯ ಕಾರ್ಯಪಡೆಗೆ ಅವರೇ ಅಧ್ಯಕ್ಷರಾದರು. 2001ರ ವರದಿ ಇಲಾಖೆಯ ರೋಗಗಳನ್ನು ಪಟ್ಟಿ ಮಾಡುವಾಗ ಭ್ರಷ್ಟಾಚಾರದ ಹೆಸರನ್ನು ನುಂಗಿಕೊಳ್ಳಲಿಲ್ಲ. ನ್ಯಾಯಮೂರ್ತಿ ಎನ್. ವೆಂಕಟಾಚಲ ಲೋಕಾಯುಕ್ತರಾಗಿದ್ದಾಗ ಆರೋಗ್ಯದ ಜಾಗೃತ ನಿರ್ದೇಶಕರಾಗಿ ಆಸ್ಪತ್ರೆಗಳ ಲಂಚದ ಬೆನ್ನು ಹತ್ತಿದರು. ಹೆತ್ತವಳಿಗೆ ಮಗುವಿನ ಮುಖ ತೋರಿಸಲು ಗಂಡಾದರೆ ಒಂದು ರೇಟು, ಹೆಣ್ಣಾದರೆ ಇನ್ನೊಂದು ರೇಟು ಎಂಬ ಹೇಸಿಗೆಯ ದಂಧೆ ಯಾರಿಗೆ ಗೊತ್ತಿರಲಿಲ್ಲ? ಕಾಡಿನಲ್ಲಿ ಮದ್ದು ಕೊಟ್ಟ ಕೈ ಕಚೇರಿಯಲ್ಲಿ ಕಡತ ಬಿಚ್ಚಿತು.

ಎದುರಾಳಿ ಸಣ್ಣವನಲ್ಲ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯನ್ನು ಬಿಗಿ ಮಾಡಲು 2017ರಲ್ಲಿ ಸಚಿವ ರಮೇಶ್ ಕುಮಾರ್ ಹೊರಟಾಗ ಏನಾಯಿತು? ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳು ಹೊರರೋಗಿಗಳಿಗೆ ಬಾಗಿಲು ಹಾಕಿದವು. ಸಾವಿರಾರು ವೈದ್ಯರು ಬೆಳಗಾವಿಗೆ ನುಗ್ಗಿದರು. ಮಸೂದೆ ಹಲ್ಲು ಕಿತ್ತಿಸಿಕೊಂಡು ಪಾಸಾಯಿತು. ರೋಗಿಗಳ ಕಡೆಯಿಂದಲೂ ಅಷ್ಟೇ ಜನ ಬಂದಿದ್ದರೆ? ಆದರೂ ಉಳಿದಿರುವ ಹಲ್ಲುಗಳು ಗಟ್ಟಿ ಇವೆ: ತುರ್ತು ಚಿಕಿತ್ಸೆಗೆ ಮುಂಗಡ ಕೇಳುವಂತಿಲ್ಲ, ಬಾಕಿಗಾಗಿ ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ. ವೈದ್ಯರ ನಡತೆಯ 2002ರ ನಿಯಮಾವಳಿಯಂತೆ ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇದನ್ನು ಕೌಂಟರಿನ ಮುಂದೆ ಗಟ್ಟಿಯಾಗಿ ಹೇಳಬಲ್ಲ ಒಬ್ಬ ಹುಡುಗ, ಒಬ್ಬ ಹುಡುಗಿ ಆ ಮಳವಳ್ಳಿಯ ರೈತನ ಪಕ್ಕ ನಿಂತಿದ್ದರೆ ಸಾಕಿತ್ತು.

ಅವನ ಜೇಬಿನಲ್ಲಿ ಬಿಪಿಎಲ್ ಕಾರ್ಡು ಇರುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ತರಬೇಕು. ಆ ಒಂದು ಕಾಗದದ ಗುಟ್ಟು ಗೊತ್ತಿಲ್ಲದೆ ಹೊಲ ಹೋಯಿತು!

ಕಾನೂನು ಓದುತ್ತಿರುವವರೇ, ಸಮಾಜಕಾರ್ಯ, ನರ್ಸಿಂಗ್, ಫಾರ್ಮಸಿ ಓದುತ್ತಿರುವವರೇ, ಓದು ಮುಗಿದ ಮೇಲೆ ಏನು ಮಾಡುತ್ತೀರಿ? ಸಂಬಳ ಕಡಿಮೆ, ಕಟೌಟು ಯಾರೂ ನಿಲ್ಲಿಸುವುದಿಲ್ಲ, ಆಸ್ಪತ್ರೆಯ ಸೆಕ್ಯುರಿಟಿಯವರು ಕತ್ತು ಹಿಡಿದು ಆಚೆಗೆ ನೂಕುತ್ತಾರೆ. ಬೆಟ್ಟ ಹತ್ತಲು ಆಗದಿದ್ದರೆ ಬೇಡ. ನಿಮ್ಮ ಮನೆಗೆ ಹತ್ತಿರದ ಆಸ್ಪತ್ರೆಗೆ ಹೋಗಿ, ಒಪ್ಪಿಗೆ ಪತ್ರದ ಕನ್ನಡ ಪ್ರತಿ ಕೇಳಿ. ಇಲ್ಲ ಅಂದರೆ, ಇಲ್ಲ ಎಂಬುದನ್ನೇ ಬರೆದು ಸೀಲು ಹಾಕಿ ಕೊಡಿ ಅನ್ನಿ.