ಹೊರುವವರನ್ನು ಕೇಳಿದಿರಾ?

ನಮ್ಮ ಅಪಾರ್ಟ್‌ಮೆಂಟ್ ಸಂಘಗಳು ಮೆಟ್ಟಿಲು, ಕಾರಿಡಾರ್ ಗುಡಿಸೋಕೆ ವ್ಯಾಕ್ಯೂಮ್ ಕ್ಲೀನರ್ ಕೊಳ್ಳುವ ರೀತಿ ಇದೆಯಲ್ಲ, ಅದು ಮೊದಲಿಂದ ಕೊನೇವರೆಗೂ ಉಲ್ಟಾ. ವಾಟ್ಸಾಪ್ ಗುಂಪಿಗೆ ನಾಲ್ಕು ಲಿಂಕ್ ಬೀಳುತ್ತವೆ. ಒಬ್ಬರು ಎಕ್ಸೆಲ್ ಶೀಟ್ ಮಾಡ್ತಾರೆ: ವಾಟ್ ಎಷ್ಟು, ಲೀಟರ್ ಎಷ್ಟು, ಸ್ಟಾರ್ ಎಷ್ಟು, ಆಫರ್ ಯಾವತ್ತು ಮುಗಿಯುತ್ತೆ. ಇನ್ನೊಬ್ಬರು ಪೋಲ್ ಹಾಕ್ತಾರೆ. ಭಾನುವಾರ ಸಂಜೆಗೆ ಆರ್ಡರ್. ಈ ಇಡೀ ವ್ಯವಹಾರದಲ್ಲಿ ಒಬ್ಬರನ್ನು ಮಾತ್ರ ಯಾರೂ ಕೇಳಿರಲ್ಲ. ನಾಳೆ ಬೆಳಗ್ಗೆ ಅದನ್ನು ಹೊತ್ತು ನಾಲ್ಕು ಮಹಡಿ ಹತ್ತಬೇಕಾದ ಹೆಂಗಸನ್ನು. ಆಕೆ ಆ ಗುಂಪಲ್ಲೇ ಇಲ್ಲ.

ತಮಾಷೆ ಅಂದ್ರೆ, ಈ ಗುಂಪಲ್ಲಿರೋ ಅರ್ಧಕ್ಕರ್ಧ ಜನ ನನ್ನಂಥ ಸಾಫ್ಟ್‌ವೇರ್‌ನವರು. ಆಫೀಸಲ್ಲಿ ಒಂದು ಬಟನ್ನಿನ ಬಣ್ಣ ಬದಲಾಯಿಸೋಕೂ ಯೂಸರ್ ಟೆಸ್ಟಿಂಗ್ ಮಾಡಿಸ್ತೀವಿ. ಬಳಸುವವನನ್ನು ಕೇಳದೆ ರಿಲೀಸ್ ಮಾಡಿದ್ರೆ ಮ್ಯಾನೇಜರ್ ಉಗೀತಾನೆ. ಮನೆಗೆ ಬಂದ ಕೂಡಲೇ ಯೂಸರ್ ಅಂದ್ರೆ ದುಡ್ಡು ಕೊಡುವವನು ಅಂತ ಅರ್ಥ ಬದಲಾಗಿಬಿಡುತ್ತೆ.

ಲೆಕ್ಕ ಹಾಕಿ ನೋಡಿ. ನೆಲಮಹಡಿಯ ಮೇಲೆ ನಾಲ್ಕು ಮಹಡಿ, ಮಹಡಿಗೆ ಸುಮಾರು 18 ಮೆಟ್ಟಿಲು, ಅಂದ್ರೆ ಒಂದು ಬ್ಲಾಕಿಗೆ 72. ಮೂರು ಬ್ಲಾಕ್ ಇದ್ದರೆ 216. ಸಂಘದವರು ಇಷ್ಟಪಟ್ಟು ತರೋದು ಸಾಮಾನ್ಯವಾಗಿ ಡ್ರಮ್ಮಿನಂಥ ವೆಟ್ ಆಂಡ್ ಡ್ರೈ ಮೆಷಿನ್ನು. ಏಳೆಂಟು ಕೆಜಿ, ಕೆಳಗೆ ನಾಲ್ಕು ಚಕ್ರ. ಪಾರ್ಕಿಂಗಿನಲ್ಲಿ ಅದು ರಾಜ. ಮೆಟ್ಟಿಲ ಮೇಲೆ ಚಕ್ರಕ್ಕೆ ಏನು ಕೆಲಸ? ಒಂದು ಕೈಯಲ್ಲಿ ಡ್ರಮ್ಮು, ಇನ್ನೊಂದು ಕೈಯಲ್ಲಿ ಪೈಪು. ರೇಲಿಂಗ್ ಹಿಡಿಯೋಕೆ ಮೂರನೇ ಕೈ ದೇವರು ಕೊಟ್ಟಿಲ್ಲ. ಡ್ರಮ್ಮನ್ನು ಮೇಲಿನ ಮೆಟ್ಟಿಲಲ್ಲಿ ಇಟ್ಟು ಕೆಳಗೆ ನಿಂತು ಪೈಪ್ ಎಳೆದರೆ ಅದು ಆಕೆಯ ಮೇಲೇ ಉರುಳುತ್ತೆ.

ಇನ್ನು ವಾಟ್ ಅನ್ನೋ ಹುಚ್ಚು. ವಾಟ್ ಹೇಳೋದು ಮೋಟಾರ್ ಎಷ್ಟು ಕರೆಂಟ್ ತಿನ್ನುತ್ತೆ ಅಂತ, ಎಷ್ಟು ಧೂಳು ಎಳೆಯುತ್ತೆ ಅಂತಲ್ಲ. ಯುರೋಪಿಯನ್ ಒಕ್ಕೂಟ 2014ರ ಸೆಪ್ಟೆಂಬರ್‌ನಿಂದ ಮನೆಬಳಕೆಯ ಹೊಸ ವ್ಯಾಕ್ಯೂಮ್ ಕ್ಲೀನರ್‌ಗಳಿಗೆ 1600 ವಾಟ್ ಮಿತಿ ಹಾಕಿತು. 2017ರಲ್ಲಿ ಅದನ್ನು 900ಕ್ಕೆ ಇಳಿಸಿ, ಶಬ್ದ 80 ಡೆಸಿಬೆಲ್ ದಾಟಬಾರದು ಅಂತಲೂ ಸೇರಿಸಿತು. ಅಲ್ಲಿನ ಕಾರ್ಪೆಟ್ ಮನೆಗಳಿಗೇ 900 ವಾಟ್ ಸಾಕಾದರೆ, ಜಾರುವ ಗ್ರಾನೈಟ್ ಮೆಟ್ಟಿಲಿಗೆ ನಮಗೆ 2000 ಯಾಕೆ? ಜಂಬಕ್ಕೆ. ಆ ಜಂಬದ ಶಬ್ದವನ್ನು ನಾಲ್ಕೂ ಕಡೆ ಗೋಡೆ ಇರುವ ಮೆಟ್ಟಿಲ ಗೂಡಿನಲ್ಲಿ ಗಂಟೆಗಟ್ಟಲೆ ಕೇಳಬೇಕಾದವಳು ಆಕೆ. ನಾವು ಬಾಗಿಲು ಹಾಕ್ಕೊಂಡು 'ಶಬ್ದ ಜಾಸ್ತಿ' ಅಂತ ಗುಂಪಲ್ಲಿ ಮೆಸೇಜ್ ಹಾಕ್ತೀವಿ.

ವೈರ್ ಲೆಸ್ ತಗೊಂಡ್ರೆ ಆಯ್ತು ಅಂತೀರಾ? ಎರಡು ಮೂರು ಕೆಜಿ, ಹಗುರ, ನಿಜ. ಆದರೆ ಡಬ್ಬದ ಮೇಲಿನ 'ಒಂದು ಗಂಟೆ' ಅತಿ ಕಡಿಮೆ ವೇಗದ ಲೆಕ್ಕ. ಪೂರ್ತಿ ಜೋರಲ್ಲಿ ಓಡಿಸಿದರೆ ಹತ್ತು ಹದಿನೈದು ನಿಮಿಷಕ್ಕೆ ಬ್ಯಾಟರಿ ಮಲಗುತ್ತೆ. ಎರಡನೇ ಬ್ಯಾಟರಿಗೆ ದುಡ್ಡು ಮಂಜೂರಾಗಿರಲ್ಲ. ವೈರ್ ಇರೋದು ತಗೊಂಡ್ರೆ ಎಷ್ಟೋ ಕಟ್ಟಡಗಳಲ್ಲಿ ಮೆಟ್ಟಿಲ ತಿರುವಿನಲ್ಲಿ ಒಂದು ಪ್ಲಗ್ ಪಾಯಿಂಟ್ ಇಲ್ಲ. ಆಕೆ ಯಾರದೋ ಮನೆ ಬಾಗಿಲು ತಟ್ಟಿ ಕರೆಂಟ್ ಬೇಡಬೇಕು. ಧೂಳಿನ ಡಬ್ಬಿ ಇನ್ನೊಂದು ಕತೆ. ಚೀಲ ಇಲ್ಲದ ಮಾಡೆಲ್ ಅಗ್ಗ ಅಂತ ತರ್ತೀವಿ. ಡಬ್ಬಿ ಕೊಡವುವಾಗ ಎಳೆದ ಧೂಳಲ್ಲಿ ಒಂದು ಪಾಲು ಆಕೆಯ ಮೂಗಿಗೇ ವಾಪಸ್. ಹೆಪಾ ಫಿಲ್ಟರ್ ಇದೆ ಅಂತ ಬೀಗ್ತೀವಿ, ಆದರೆ ಫಿಲ್ಟರ್ ಬದಲಾಯಿಸೋಕೆ ಬಜೆಟ್ಟಲ್ಲಿ ಸಾಲು ಇಲ್ಲ.

ಈ ಯಂತ್ರದ ಹುಟ್ಟನ್ನೇ ನೋಡಿ. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಅನ್ನೋ ಎಂಜಿನಿಯರ್ ಮಾಡಿದ ವ್ಯಾಕ್ಯೂಮ್ ಕ್ಲೀನರ್ ಕುದುರೆ ಎಳೆಯುವಷ್ಟು ದೊಡ್ಡದು. ಬೀದಿಯಲ್ಲೇ ನಿಂತು ಕಿಟಕಿಯೊಳಗೆ ಪೈಪ್ ಬಿಡುತ್ತಿತ್ತು. ಕೈಯಲ್ಲಿ ಹಿಡಿದು ಓಡಾಡಿಸಬಹುದಾದ್ದನ್ನು ನಮಗೆ ಕೊಟ್ಟದ್ದು ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್. ಅಮೆರಿಕದ ಓಹಾಯೋ ರಾಜ್ಯದ ಕ್ಯಾಂಟನ್‌ನಲ್ಲಿ ಒಂದು ದೊಡ್ಡ ಅಂಗಡಿಯ ಕಸ ಗುಡಿಸುವವನು. ಉಬ್ಬಸದ ರೋಗಿ. ಗುಡಿಸುವಾಗ ಏಳುವ ಧೂಳು ತಡೆಯಲಾಗದೆ ಫ್ಯಾನಿನ ಮೋಟಾರ್, ಪೊರಕೆ ಹಿಡಿ, ಒಂದು ದಿಂಬಿನ ಚೀಲ ಸೇರಿಸಿ ಕಟ್ಟಿಕೊಂಡ. 1908ರಲ್ಲಿ ಪೇಟೆಂಟ್ ಸಿಕ್ಕಿತು, ಹೂವರ್ ಎಂಬುವವರು ಕೊಂಡುಕೊಂಡರು, ಹೆಸರು ಅವರದ್ದಾಯಿತು. ಗುಡಿಸುವವನು ತನ್ನ ಎದೆ ಉಳಿಸಿಕೊಳ್ಳೋಕೆ ಮಾಡಿದ ಯಂತ್ರ ಇದು. ನೂರು ವರ್ಷ ಆದಮೇಲೆ ಗುಡಿಸುವವಳನ್ನು ಬಿಟ್ಟು ಮಿಕ್ಕವರೆಲ್ಲ ಕೂತು ಅದನ್ನು ಆರಿಸ್ತಿದ್ದೀವಿ.

'ಅವರಿಗೆ ಸ್ಪೆಸಿಫಿಕೇಶನ್ ಏನು ಗೊತ್ತಾಗುತ್ತೆ?' ಅನ್ನೋದು ಸಾಮಾನ್ಯ ಉತ್ತರ. ನಾನು ಮಲ್ಲಂದೂರಿನವನು, ಕಾಫಿ ತೋಟದ ನಡುವೆ ಬೆಳೆದವನು. ನಮ್ಮ ಕಡೆ ಕಳೆ ಹೊಡೆಯೋ ಮೆಷಿನ್ ತರುವಾಗ, ಬೆನ್ನಿಗೆ ಹಾಕುವ ಸ್ಪ್ರೇಯರ್ ತರುವಾಗ, ಹೊರುವ ಆಳನ್ನು ಅಂಗಡಿಗೇ ಕರ್ಕೊಂಡು ಹೋಗೋದು ನೋಡಿದ್ದೀನಿ. 16 ಲೀಟರ್ ಕ್ಯಾನ್ ತುಂಬಿದ್ರೆ ನೀರೇ 16 ಕೆಜಿ. ಬೆಲ್ಟು ಭುಜ ಕೊರೆಯುತ್ತಾ, ಇಳಿಜಾರಲ್ಲಿ ಹಿಂದಕ್ಕೆ ಎಳೆಯುತ್ತಾ, ಹಿಡಿ ನಡುಗಿ ಕೈ ಜೋಮು ಹಿಡಿಯುತ್ತಾ, ಇದನ್ನು ಯಾವ ಡಬ್ಬದ ಮೇಲೂ ಬರೆದಿರಲ್ಲ. ಬೆನ್ನಿಗೆ ಮಾತ್ರ ಗೊತ್ತು.

ನಮ್ಮೂರ ತೋಟಗಳು ಸಮಾನತೆಯ ಸ್ವರ್ಗ ಅಂತ ಹೇಳ್ತಿಲ್ಲ. ಲೈನ್ ಮನೆ ನೋಡಿದವರಿಗೆ ಅದು ಗೊತ್ತು. ಸಾಹುಕಾರರು ಕೇಳೋದು ಒಳ್ಳೆಯತನಕ್ಕಲ್ಲ. ಆಳು ಸಿಗೋದು ಕಷ್ಟ. ಮೆಷಿನ್ ಒಗ್ಗದಿದ್ದರೆ ಅದು ಗೋಡೌನ್ ಸೇರುತ್ತೆ, ಆಳು ಪಕ್ಕದ ತೋಟ ಸೇರುತ್ತಾನೆ. ಬಿಟ್ಟು ಹೋಗಬಲ್ಲವನ ಮಾತಿಗೆ ಬೆಲೆ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಆಗಿರೋದು ಇದರ ಉಲ್ಟಾ. ರಾಯಚೂರಿಂದಲೋ ಯಾದಗಿರಿಯಿಂದಲೋ ಬಂದ ಹೆಂಗಸು ನಮ್ಮ ಕೆಲಸದವಳಲ್ಲ, ಏಜೆನ್ಸಿಯವಳು. ಸೊಂಟ ನೋವು ಅಂದ್ರೆ ಏಜೆನ್ಸಿಗೆ ಒಂದು ಫೋನ್, ನಾಳೆ ಬೇರೆ ಮುಖ. ಕೇಳದೆ ಇರೋಕೆ ನಮಗೆ ಧೈರ್ಯ ಬಂದಿರೋದು ಆ ಫೋನಿನಿಂದ.

'ಮೆಷಿನ್ ತಂದ್ರೆ ಒಬ್ಬರನ್ನು ಕಮ್ಮಿ ಮಾಡಬಹುದು' ಅನ್ನೋ ವಾದವೂ ಮೀಟಿಂಗಲ್ಲಿ ಬರುತ್ತೆ. ಸ್ವಾಮಿ, ವ್ಯಾಕ್ಯೂಮ್ ಧೂಳು ಎಳೆಯುತ್ತೆ. ಒರೆಸೋದು, ರೇಲಿಂಗ್, ಲಿಫ್ಟ್, ಕಸದ ಡಬ್ಬ ಎಲ್ಲ ಹಾಗೇ ಇರುತ್ತೆ. ಒಬ್ಬರನ್ನು ಕಳಿಸಿದರೆ ಉಳಿದವರ ಪಾಲಿಗೆ ಮೆಷಿನ್ನಿನ ಭಾರ, ಜೊತೆಗೆ ಹೋದವರ ಕೆಲಸ. ಧೂಳಿಂದ ಆಕೆಯ ಎದೆ ಉಳಿಸೋಕೆ ತರ್ತಿದ್ದೀವಾ, ಮೇಂಟೆನೆನ್ಸ್‌ನಲ್ಲಿ ನೂರು ರೂಪಾಯಿ ಉಳಿಸೋಕಾ? ಅದನ್ನು ಮೊದಲು ತೀರ್ಮಾನ ಮಾಡಿ.

ಹಾಗಾದ್ರೆ ಹೇಗೆ ಆರಿಸೋದು? ಮೂರು ಮಾಡೆಲ್ ಡೆಮೊಗೆ ಕರೆಸಿ. ಕ್ಲಬ್ ಹೌಸಿನಲ್ಲಿ ಬೇಡ, ಮೆಟ್ಟಿಲ ಮೇಲೆ. ಸೇಲ್ಸ್ ಹುಡುಗನ ಕೈಗಲ್ಲ, ಗುಡಿಸುವವರ ಕೈಗೆ ಕೊಡಿ. ಒಂದೊಂದರಲ್ಲೂ ಒಂದು ಇಡೀ ಬ್ಲಾಕ್ ಮಾಡಲಿ. ಹಗುರವಾದ, ಚೀಲ ಇರುವ, ಮೂಲೆಗೆ ಹೋಗುವ ಸಣ್ಣ ಬಾಯಿಯ ಮೆಷಿನ್ ಬೇಕು. ಆಫೀಸು, ಥಿಯೇಟರ್‌ಗಳಲ್ಲಿ ಬಳಸುವ ಬೆನ್ನಿಗೆ ಹಾಕುವ ಮಾದರಿಯೂ ಇದೆ. ಒಂದು ಕೈ ಖಾಲಿ, ಆದರೆ ಬೆಲ್ಟ್ ಆಕೆಯ ಭುಜಕ್ಕೆ ಹೊಂದಬೇಕು. ತಿರುವಿನಲ್ಲಿ ಪ್ಲಗ್ ಪಾಯಿಂಟ್ ಹಾಕಿಸಿ. ಚೀಲ, ಫಿಲ್ಟರ್, ರಿಪೇರಿಗೆ ವರ್ಷದ ದುಡ್ಡು ಈಗಲೇ ತೆಗೆದಿಡಿ. ಒದ್ದೆ ಮೆಟ್ಟಿಲಿಗೆ ಒಣ ಮೆಷಿನ್ ಮುಟ್ಟಿಸಬಾರದು ಅನ್ನೋದನ್ನು ಆಕೆಗೆ ಅರ್ಥ ಆಗುವ ಭಾಷೆಯಲ್ಲಿ ಹೇಳಿಕೊಡಿ.

ಮತ್ತೆ ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡು, ಒಣಗಿದ ತುಳಸಿ ಕುಂಡ, ಮಗುವಿನ ಹಳೇ ಸೈಕಲ್ಲು ಒಳಗೆ ತಗೊಳ್ಳಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಮೆಟ್ಟಿಲು, ಕಾರಿಡಾರ್‌ಗಳನ್ನು ಎಲ್ಲರಿಗೂ ಸೇರಿದ ಜಾಗ ಅನ್ನುತ್ತೆ. ಎಲ್ಲರ ಜಾಗ ಅಂದಮೇಲೆ ಅದರ ಧೂಳೂ ಎಲ್ಲರದ್ದೇ.

ಮುಂದಿನ ಮೀಟಿಂಗಲ್ಲಿ ಕೊಟೇಶನ್ ಓದೋಕೆ ಮುಂಚೆ ಒಂದು ಕುರ್ಚಿ ಜಾಸ್ತಿ ಹಾಕಿ. ಆಕೆಯನ್ನು ಕರೆದು ಕೂರಿಸಿ. 'ಇದನ್ನ ಹೊತ್ಕೊಂಡು ಹತ್ತೋಕಾಗುತ್ತಾ?' ಅಂತ ಕೇಳಿ. ಆಗಲ್ಲ ಅಂದ್ರೆ ಆಗಲ್ಲ. ಡಿಸ್ಕೌಂಟ್ ಎಷ್ಟೇ ಇರಲಿ.